ಕಾಗೆ ಘಾಟಿಯ ಕಾಫಿ

ಬೆಟ್ಟ ಹತ್ತುವ ಜೀಪು ಕೊಂಡವನು ಬೆಟ್ಟ ಹತ್ತಲೇಬೇಕೆಂದು ಯಾವ ಕಾನೂನೂ ಹೇಳುವುದಿಲ್ಲ. ತಫೀಲಾ ಪೇಟೆಯಲ್ಲಿ ಕಿಟಕಿ ಪರದೆಗಳ ಅಂಗಡಿ ಇಟ್ಟುಕೊಂಡಿದ್ದ ಫವಾಜ್ ಈ ವಿಷಯದಲ್ಲಿ ಕಾನೂನನ್ನು ಚಾಚೂ ತಪ್ಪದೆ ಪಾಲಿಸುತ್ತಿದ್ದ. ಜೀಪು ಅವನ ಮನೆಗೆ ಬಂದು ಒಂದು ಚಳಿಗಾಲ ಕಳೆದಿತ್ತು. ಅದರ ನೆತ್ತಿಯ ಮೇಲೆ ಸಾಲು ದೀಪಗಳು, ಬೆನ್ನಿಗೆ ಗುದ್ದಲಿ, ಮೂತಿಗೆ ಸುತ್ತಿದ ಉಕ್ಕಿನ ಹಗ್ಗ, ಬಾಗಿಲ ಮೇಲೆ ಹಾರುತ್ತಿರುವ ಚಿರತೆಯ ಅಂಟುಚಿತ್ರ, ಮರಳಲ್ಲಿ ಹೂತರೆ ಚಕ್ರದಡಿ ಹಾಕಲು ಎರಡು ಹಲಗೆ. ಇಷ್ಟನ್ನೂ ಹೊತ್ತುಕೊಂಡು ಅದು ದಿನವೂ ಮನೆಯಿಂದ ಅಂಗಡಿಗೆ, ಅಂಗಡಿಯಿಂದ ಮನೆಗೆ ಡಾಂಬರು ರಸ್ತೆಯಲ್ಲಿ ಹೋಗಿ ಬರುತ್ತಿತ್ತು. ತಫೀಲಾದಲ್ಲಿ ಗಾಡಿ ಹೂತುಹೋಗುವಷ್ಟು ಮರಳು ಎಲ್ಲೂ ಇಲ್ಲ.

ಜೀಪು ಹತ್ತದ ಬೆಟ್ಟಗಳನ್ನೆಲ್ಲ ಫವಾಜನ ನಾಲಿಗೆ ಹತ್ತಿ ಇಳಿದಿತ್ತು. ಯಾವ ಇಳಿಜಾರಿಗೆ ಯಾವ ಗೇರು, ಜಲ್ಲಿ ದಾರಿಗೆ ಟೈರಿನ ಗಾಳಿ ಎಷ್ಟು ಇಳಿಸಬೇಕು ಎಂದು ಚಹಾದಂಗಡಿಯಲ್ಲಿ ಅವನು ಶುರು ಮಾಡಿದರೆ, ಪಾಪ, ಹುಟ್ಟಿದಾಗಿನಿಂದ ಬೆಟ್ಟದಲ್ಲೇ ಗಾಡಿ ಓಡಿಸಿದವರು ಕೂಡ ಬಾಯಿ ಮುಚ್ಚಿಕೊಂಡು ಕೇಳುತ್ತಿದ್ದರು. ಜನ ಅವನನ್ನು ಅಬೂ ನಿಮ್ರ್ ಎಂದು ಕರೆಯುತ್ತಿದ್ದರು, ಎಂದರೆ ಚಿರತೆಯ ಅಪ್ಪ. ಹಿರಿಮಗನ ಹೆಸರು ನಿಮ್ರ್ ಎಂಬುದಷ್ಟೇ ಇದಕ್ಕೆ ಕಾರಣ. ಆ ಚಿರತೆ ಇನ್ನೂ ಬೆಕ್ಕು ಕಂಡರೆ ಅಮ್ಮನ ಹಿಂದೆ ಅಡಗಿಕೊಳ್ಳುತ್ತಿತ್ತು. ಆದರೆ ಜೀಪು ಬಂದ ಮೇಲೆ ಆ ಹೆಸರು ತನಗೆ ಸ್ವಂತ ಯೋಗ್ಯತೆಯಿಂದ ಬಂದದ್ದೆಂದು ಫವಾಜ್ ನಂಬತೊಡಗಿದ್ದ.

ಹೆಂಡತಿ ಮೈಸೂನ್ ನಂಬಿರಲಿಲ್ಲ. ಆ ಗಾಡಿ ಓಣಿಯ ಅರ್ಧ ನುಂಗಿತ್ತು. ಅದು ನಿಂತಲ್ಲಿ ಬಿಸಿಲು ಬೀಳದೆ ಅವಳ ಬಟ್ಟೆ ಒಣಗುತ್ತಿರಲಿಲ್ಲ, ಎದುರು ಮನೆಯವರ ಮಾತು ಕೇಳಿ ಅವಳ ಕಿವಿ ತೂತಾಗಿತ್ತು. ಕೊಳ್ಳುವವನೊಬ್ಬನನ್ನು ತಾನೇ ಹುಡುಕಿಟ್ಟು ಅವಳು ಗಂಡನಿಗೆ ಕಡೆಯ ಮಾತು ಹೇಳಿದಳು.

"ಅಮ್ಮ ಕೆಳಗಡೆ ಚಿಕ್ಕಮ್ಮನ ಮನೆಗೆ ಹೋಗ್ಬೇಕಂತೆ. ಕಾಗೆ ಘಾಟಿನ ಕಣ್ಣು ಮುಚ್ಕೊಂಡು ದಾಟ್ತೀನಿ ಅಂತ ಊರಿಗೆಲ್ಲ ಹೇಳಿದೀರಲ್ಲ, ಅದ್ರ ಮೇಲೇ ಕರ್ಕೊಂಡು ಹೋಗಿ. ಜೀಪು ಇರ್ಲಿ ಅಂತ ಅಮ್ಮ ಅಂದ್ರೆ ಇರತ್ತೆ. ಬೇಡ ಅಂದ್ರೆ ಶನಿವಾರ ಅವ್ನು ಬಂದು ತಗೊಂಡು ಹೋಗ್ತಾನೆ."

ಕಾಗೆ ಘಾಟಿ ಎಂದರೆ ತಫೀಲಾದ ಎತ್ತರದಿಂದ ಕೆಳಗಿನ ಅರಬಾ ಕಣಿವೆಗೆ ಇಳಿಯುವ ಹಳೆಯ ಕಾಡುದಾರಿ. ಅಗಲ ಒಂದೇ ಗಾಡಿಯದು. ಒಂದು ಕಡೆ ಬಂಡೆ, ಇನ್ನೊಂದು ಕಡೆ ದೇವರು.

ಶುಕ್ರವಾರ ಬೆಳಗ್ಗೆ, ಹಜ್ ಯಾತ್ರೆ ಮುಗಿಸಿ ಬಂದಿದ್ದ ಅತ್ತೆ ಹಜ್ಜಾ ಫಿದ್ದಾ ತುಪ್ಪದ ಡಬ್ಬಿ ಹಿಡಿದು ಜೀಪಿನ ಹಿಂದಿನ ಸೀಟು ಹತ್ತಿ ಕೂತರು. ಡಾಂಬರು ಮುಗಿದಲ್ಲಿ ಫವಾಜ್ ಇಳಿದು ಗಾಂಭೀರ್ಯದಿಂದ ನಾಲ್ಕೂ ಟೈರುಗಳ ಗಾಳಿ ಇಳಿಸಿದ, ಇಳಿಸುವುದು ಏಕೆಂದು ವಿವರಿಸಿದ, ವಿವರಿಸುತ್ತ ಒಂದು ಟೈರಿನ ಗಾಳಿಯನ್ನು ಪೂರ್ತಿ ಬಿಟ್ಟ, ಮತ್ತೆ ಕೈಪಂಪಿನಿಂದ ತುಂಬಿಸಿದ. ಅತ್ತೆ ಏನೂ ಹೇಳಲಿಲ್ಲ. ಹಜ್ಜಾ ಫಿದ್ದಾ ಏನೂ ಹೇಳದಿರುವುದು ಒಳ್ಳೆಯ ಲಕ್ಷಣವಲ್ಲವೆಂದು ಅವರ ಅಳಿಯಂದಿರಿಗೆಲ್ಲ ಗೊತ್ತಿತ್ತು.

ಏರು ಹೇಗೋ ಸಾಗಿತು. ಎಡಬಲಕ್ಕೆ ಮಾಚಿಪತ್ರೆಯ ಕುರುಚಲು, ಬಂಡೆಗಳ ನಡುವೆ ಅಲ್ಲೊಂದು ಇಲ್ಲೊಂದು ಮುದಿ ಮರ, ತಣ್ಣನೆ ಗಾಳಿ. ನೆತ್ತಿಗೆ ಬಂದು, ಇನ್ನು ಇಳಿಯುವುದೇ ಬಾಕಿ ಎನ್ನುವಲ್ಲಿ ದಾರಿಗೆ ಅಡ್ಡಲಾಗಿ ಕುರಿ ಗಾತ್ರದ ಕಲ್ಲುಗಳ ಸಾಲು ಕಂಡಿತು. ತಾವಾಗಿ ಉರುಳಿ ಬಿದ್ದ ಕಲ್ಲುಗಳಲ್ಲ. ಯಾರೋ ಶ್ರದ್ಧೆಯಿಂದ, ಸಿಟ್ಟಿನಿಂದ ಜೋಡಿಸಿದ್ದವು. ಅಲ್ಲಿಂದಲೇ ಹಿಂತಿರುಗಿದ್ದರೆ ಈ ಕಥೆ ಇರುತ್ತಿರಲಿಲ್ಲ, ಜೀಪೂ ಇರುತ್ತಿರಲಿಲ್ಲ. ನಿಜವಾದ ಚಾಲಕನ ಕೆಲಸ ಇಲ್ಲಿಂದಲೇ ಶುರು ಎಂದು ಹೇಳಿ ಫವಾಜ್ ಪಕ್ಕಕ್ಕೆ ಕವಲೊಡೆದಿದ್ದ ಮೇಕೆ ಜಾಡಿಗೆ ಜೀಪು ತಿರುಗಿಸಿದ.

ಮೇಕೆಗಳು ಆ ಜಾಡನ್ನು ಮಾಡಿಕೊಂಡದ್ದು ಮೇಕೆಗಳಿಗಾಗಿ. ಸ್ವಲ್ಪ ದೂರಕ್ಕೇ ಅದು ಒಂದು ಪಕ್ಕಕ್ಕೆ ವಾಲಿ ಕೆಳಕ್ಕೆ ಧುಮುಕಿತು. ಫವಾಜ್ ಬ್ರೇಕನ್ನು ಜೀವ ಹಿಡಿದಂತೆ ಹಿಡಿದ. ಜೀಪು ಜಲ್ಲಿಯ ಮೇಲೆ ಜಾರಿತು, ಅಡ್ಡಡ್ಡ ಸರಿಯಿತು, ಅಂಚಿಗೆ ಬಂದು ನಿಂತಿತು.

"ಯಾಕೆ ನಿಲ್ಸ್ದೆ?" ಎಂದು ಅತ್ತೆ ಕೇಳಿದರು.

"ನೋಟ ಚೆನ್ನಾಗಿದೆ ಅತ್ತೆ. ನೀವು ನೋಡ್ಲಿ ಅಂತ."

"ನೀನು ಕಣ್ಣು ಮುಚ್ಕೊಂಡಿದೀಯಲ್ಲಪ್ಪ."

ಕಣ್ಣು ಮಾತ್ರವಲ್ಲ, ಅವನ ಕೈಕಾಲುಗಳೂ ಮುಷ್ಕರ ಹೂಡಿದ್ದವು. ಸ್ಟೇರಿಂಗಿನಿಂದ ಬೆರಳು ಬಿಡಿಸಲು ಅತ್ತೆ ಒಂದೊಂದಾಗಿ ಎತ್ತಬೇಕಾಯಿತು. ಪಕ್ಕಕ್ಕೆ ಸರಿಯಲು ಹೇಳಿ, ನಿಲುವಂಗಿಯ ತೋಳು ಮಡಚಿ, ಅವರೇ ಚಾಲಕನ ಸೀಟಿನಲ್ಲಿ ಕೂತರು. ಫವಾಜ್ ಒಂದು ಕಣ್ಣು ತೆರೆದು, ನಿಮಗೆ ಓಡಿಸಲು ಬರುತ್ತದೆಯೇ ಎಂದು ಕೇಳಿದ.

"ನಿನ್ ಮಾವನ ಕಾಲು ಮುರಿದಾಗ ಅಷ್ಟು ಕುರಿಗೆ ಟ್ಯಾಂಕರ್‌ನಲ್ಲಿ ನೀರು ತಂದು ಹಾಕಿದ್ದು ಯಾರು ಅಂದ್ಕೊಂಡಿದೀಯ? ನಿನ್ ಹೆಂಡ್ತಿ ಹುಟ್ಟೋ ದಿನಾನೂ ನಾನೇ ಓಡಿಸ್ಕೊಂಡು ಹೋಗಿದ್ದು. ಬ್ರೇಕ್ ತುಳಿಯೋದು ಬಿಟ್ಟು ಗೇರಲ್ಲಿ ಇಳೀಬೇಕು ಕಣೋ, ಪೆದ್ದ."

ಹೀಗೆ ಫವಾಜ್ ಬೆಟ್ಟವನ್ನು ಕಣ್ಣು ಮುಚ್ಚಿಕೊಂಡೇ ಇಳಿದು ಕೊಟ್ಟ ಮಾತು ಉಳಿಸಿಕೊಂಡ. ಪಕ್ಕದ ಸೀಟಿನಲ್ಲಿ ಕೂತು ಎಂಬುದೊಂದೇ ವ್ಯತ್ಯಾಸ. ಆದರೆ ಅತ್ತೆ ಬಂಡೆಯಿಂದ ಬಂಡೆಗೆ ಗಾಡಿಯನ್ನು ಇಳಿಸುತ್ತಿದ್ದಂತೆ ಬೆಳಗ್ಗೆ ತಿಂದಿದ್ದ, ತುಪ್ಪದಲ್ಲಿ ಹುರಿದ ಟೊಮೆಟೊ ಅವನ ಹೊಟ್ಟೆಯಲ್ಲಿ ಎದ್ದು ನಿಂತಿತು. ಕೆಳಗೆ ನಾಲ್ಕಾರು ಕಲ್ಲುಮನೆಗಳ ಒಂದು ಹಟ್ಟಿ ಕಾಣುವ ಹೊತ್ತಿಗೆ ಅದು ಗಂಟಲವರೆಗೂ ಬಂದಿತ್ತು.

ಹಟ್ಟಿಗೆ ಒಂದು ತಿರುವು ಇರುವಾಗ ಅತ್ತೆ ಜೀಪು ನಿಲ್ಲಿಸಿದರು. "ಈಚೆ ಬಾ. ಗಂಡಸು ಊರೊಳಗೆ ಹೋಗೋವಾಗ ಸ್ಟೇರಿಂಗ್ ಹಿಡ್ಕೊಂಡೇ ಹೋಗ್ಬೇಕು. ನಿನ್ ಮಾನ ಹೋದ್ರೆ ಅರ್ಧ ನನ್ನದೇ ಹೋಗೋದು." ಜೀಪಿನ ತೀರ್ಪು ಏನೆಂದು ಅವನು ಕೇಳಲು ಬಾಯಿ ತೆರೆದ, ಬೇರೆ ಏನೋ ಹೊರಬರುವ ಸೂಚನೆ ಕಂಡು ಮುಚ್ಚಿದ. ಅದು ತಂಗಿಯ ಮನೆ ಮುಟ್ಟಿದ ಮೇಲೆ ಎಂದು ಅತ್ತೆ ತಾವಾಗಿಯೇ ಹೇಳಿದರು.

ಹಟ್ಟಿಯ ಹಿರಿಯರು ಅಬೂ ದೀಬ್. ಅವರು ಎರಡು ವಿಷಯಕ್ಕೆ ಆ ಬೆಟ್ಟದಲ್ಲೆಲ್ಲ ಹೆಸರಾಗಿದ್ದರು. ಬಾಗಿಲಿಗೆ ಬಂದ ಅತಿಥಿಯನ್ನು ಬರಿಗೈಯಲ್ಲಿ ಕಳಿಸಿದವರಲ್ಲ. ಒಮ್ಮೆ ಹಿಡಿದ ಹಟವನ್ನು ಬಿಟ್ಟವರೂ ಅಲ್ಲ. ಇವೆರಡೂ ಒಬ್ಬರೇ ಮನುಷ್ಯರಲ್ಲಿ ಸೇರಿಕೊಂಡದ್ದು ಹಟ್ಟಿಯ ಪ್ರಾರಬ್ಧ.

ನಾಯಿಗಳನ್ನು ಗದರಿಸಿ, ಮೇಕೆ ಕೂದಲಿನ ಡೇರೆಯಡಿ ದಿಂಬು ಹಾಕಿಸಿ, ಅಬೂ ದೀಬ್ ಹೆಸರು ಕೇಳಿಕೊಂಡು ಫವಾಜನನ್ನು ಕೂರಿಸಿದರು. ಅತ್ತೆಯನ್ನು ಹೆಂಗಸರು ಪರದೆಯ ಆಚೆ ಕರೆದುಕೊಂಡು ಹೋದರು. ಪರದೆಯ ಬಟ್ಟೆ ತೆಳುವೆಂದು ಆ ಸ್ಥಿತಿಯಲ್ಲೂ ಫವಾಜನ ಕಣ್ಣಿಗೆ ಬಿತ್ತು, ಕಸುಬು ಬಿಡುವುದಿಲ್ಲ. ಅಷ್ಟರಲ್ಲಿ ಏಲಕ್ಕಿ ಘಮಘಮಿಸುವ ಕಹಿ ಕಾಫಿ ಪುಟ್ಟ ಬಟ್ಟಲಲ್ಲಿ ಬಂತು. ಬೇರೆ ದಿನವಾಗಿದ್ದರೆ ಆ ವಾಸನೆಗೆ ಅವನು ಹಾರಿಬರುತ್ತಿದ್ದ. ಇವತ್ತು ಅದು ಮೂಗಿಗೆ ತಾಕಿದ್ದೇ ಹೊಟ್ಟೆಯೊಳಗಿನ ಟೊಮೆಟೊ ಜಿಗಿಯಿತು. ಯೋಚಿಸಲು ಸಮಯವಿರಲಿಲ್ಲ. ಬಟ್ಟಲನ್ನು ನೆಲದ ಮೇಲಿಟ್ಟುಬಿಟ್ಟ.

ಡೇರೆಯೊಳಗೆ ಮಾತು ನಿಂತಿತು. ಕುಡಿಯದ ಕಾಫಿಯನ್ನು ನೆಲಕ್ಕಿಟ್ಟರೆ ಆ ಸೀಮೆಯಲ್ಲಿ ಒಂದೇ ಅರ್ಥ: ನಾನೊಂದು ಕೇಳಲು ಬಂದಿದ್ದೇನೆ, ಕೊಡುತ್ತೇನೆ ಎನ್ನುವವರೆಗೂ ಮುಟ್ಟುವುದಿಲ್ಲ. ಹೆಣ್ಣು ಕೇಳಲು ಬಂದ ದೊಡ್ಡವರು ಹಾಗೆ ಇಡುತ್ತಾರೆ. ಕೊಲೆಗೆ ಕ್ಷಮೆ ಬೇಡುವವರು ಇಡುತ್ತಾರೆ. ಪರದೆ ಮಾರುವವರು ಇಟ್ಟದ್ದು ಇದೇ ಮೊದಲು.

ಫವಾಜ್ ಅಲ್ಲಿನವನೇ. ಇಟ್ಟ ಮೇಲೆ ಅವನಿಗೆ ಅರ್ಥವಾಯಿತು. ಹೊಟ್ಟೆ ತೊಳಸುತ್ತಿದೆ ಎಂದು ಹೇಳಿಬಿಟ್ಟರೆ ಮುಗಿಯುತ್ತಿತ್ತು, ನಿಜ. ಆದರೆ ಗಾಡಿ ಓಡಿಸಿದವನ ಹೊಟ್ಟೆ ಎಂದಾದರೂ ತೊಳಸುವುದುಂಟೇ? ತೊಳಸುವುದು ಪಕ್ಕದಲ್ಲಿ ಕೂತವನದು, ಬೆಟ್ಟದಲ್ಲಿ ಇದು ಮಕ್ಕಳಿಗೂ ಗೊತ್ತು. ಹಾಗಾದರೆ ಓಡಿಸಿದ್ದು ಯಾರು ಎಂಬ ಪ್ರಶ್ನೆ ಏಳುತ್ತದೆ. ಅದಕ್ಕೆ ಉತ್ತರ ಪರದೆಯ ಆಚೆ ಕೂತು ಬ್ರೆಡ್ಡು ತಿನ್ನುತ್ತಿತ್ತು.

"ಕಾಫಿ ಕುಡೀರಿ ಅಬೂ ನಿಮ್ರ್," ಎಂದು ಅಬೂ ದೀಬ್ ಎದೆಯ ಮೇಲೆ ಕೈ ಇಟ್ಟುಕೊಂಡು ಹೇಳಿದರು. "ನೀವು ಬಂದ ಕೆಲ್ಸ ಆಯ್ತು ಅಂದ್ಕೊಳ್ಳಿ."

ಇಷ್ಟು ಹೇಳಿದ ಮೇಲೆ ಕುಡಿಯಲೇಬೇಕು. ಫವಾಜ್ ಬಟ್ಟಲೆತ್ತಿ ಮೂಗಿನವರೆಗೆ ತಂದ. ಏಲಕ್ಕಿ. ಬಾಯಿ ಬಿಗಿಹಿಡಿದು, ತಲೆ ಅಲ್ಲಾಡಿಸಿ, ಮತ್ತೆ ನೆಲಕ್ಕಿಟ್ಟ. ಹೀಗೆ ಯಾರೂ ಮಾಡಿದ್ದನ್ನು ಅಬೂ ದೀಬ್ ಕಂಡಿರಲಿಲ್ಲ. ಕೊಟ್ಟೆ ಎಂದರೂ ಸಾಲದು ಎನ್ನುವ ಕೋರಿಕೆ ಎಂಥದ್ದಿರಬಹುದು? ಮಗನನ್ನು ಕಳಿಸಿ ಹಟ್ಟಿಯ ಗಂಡಸರನ್ನೆಲ್ಲ ಕರೆಸಿದರು.

ಬಂದವರು ಸುತ್ತ ಕೂತು ಬಟ್ಟಲನ್ನು ನೋಡಿದರು, ಫವಾಜನನ್ನು ನೋಡಿದರು, ಅವನ ಹತ್ತು ಜೇಬಿನ ಅಂಗಿಯನ್ನು ನೋಡಿದರು. ಮುಖ ಬಿಳುಚಿದೆ, ಹಣೆಯಲ್ಲಿ ಬೆವರಿದೆ, ಬಾಯಿ ಬಿಡುತ್ತಿಲ್ಲ. ವಿಷಯ ದೊಡ್ಡದು ಎಂಬುದರಲ್ಲಿ ಯಾರಿಗೂ ಅನುಮಾನ ಉಳಿಯಲಿಲ್ಲ. ಪೆಟ್ರೋಲು ಬೇಕಿರಬಹುದೆಂದು ಒಬ್ಬ ಹೇಳಿದ. ಪೆಟ್ರೋಲಿಗೆ ಯಾರು ಕಾಫಿ ಬಿಡುತ್ತಾರೆ ಎಂದು ಇನ್ನೊಬ್ಬ ನಕ್ಕ. ಕಡೆಗೆ ಒಬ್ಬ ಮುದುಕ ಗಂಟಲು ಸರಿಮಾಡಿಕೊಂಡು, ಇವರು ಕೇಳಲು ಬಂದದ್ದು ಪಾಶಾನನ್ನು ಇರಬೇಕು ಎಂದ.

ಪಾಶಾ ಎಂದರೆ ಅಬೂ ದೀಬರ ಹೋತ. ಅಂಥ ಕೊಂಬು, ಅಂಥ ಗಡ್ಡ ಆ ಬೆಟ್ಟಗಳಲ್ಲಿ ಇನ್ನೊಂದು ಇರಲಿಲ್ಲ. ಎಷ್ಟೋ ಜನ ಬಂದು ಬೇಡಿ ಹಿಂತಿರುಗಿದ್ದರು. ಅಬೂ ದೀಬರ ಮುಖ ಸಣ್ಣಗಾಯಿತು. ಆದರೆ ಮಾತು ಹೊರಬಿದ್ದಾಗಿತ್ತು, ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಒಡೆದ ದನಿಯಲ್ಲಿ ಪಾಶಾನನ್ನು ತಂದು ಜೀಪಿಗೆ ಕಟ್ಟಿ ಎಂದರು. ಪಾಶಾ ಬಂದು, ಜೀಪಿನ ಬಾಗಿಲ ಮೇಲಿದ್ದ ಚಿರತೆಯನ್ನು ಮೂಸಿ, ಅದರ ಬಾಲವನ್ನು ಕಿತ್ತು ತಿನ್ನತೊಡಗಿತು.

ಎಲ್ಲರೂ ಫವಾಜನ ಕಡೆ ನೋಡಿದರು. ಹೋತದ ವಾಸನೆ ಗಾಳಿಯಲ್ಲಿ ಬಂದು ಏಲಕ್ಕಿಯ ಜೊತೆ ಸೇರಿತ್ತು. ಅವನು ಎರಡೂ ಕೈಗಳಿಂದ ಬಾಯಿ ಮುಚ್ಚಿಕೊಂಡು ಜೋರಾಗಿ ತಲೆ ಅಲ್ಲಾಡಿಸಿದ.

"ಪಾಶಾನೂ ಸಾಲ್ದಂತೆ," ಎಂದ ಮುದುಕ, ಭಕ್ತಿಯಿಂದ.

ಆಗ ಮುತ್‌ಲಕ್ ಎಂಬ ಕುರಿಗಾಹಿ ಬಾಯಿ ಹಾಕಿದ. ಗಾಳಿ ಬಂದಾಗ ತೂರಿಕೊಳ್ಳುವವನು ಅವನು. ಇವರು ಬಂದ ದಾರಿ ಯಾರಾದರೂ ನೋಡಿದಿರಾ ಎಂದು ಕೇಳಿದ. ಡಾಂಬರು ರಸ್ತೆ ಬಿಟ್ಟು, ಕಾಗೆ ಘಾಟಿ ಹತ್ತಿ, ಕಲ್ಲುಗಳ ಮುಂದೆ ನಿಂತು ನೋಡಿ, ಆಮೇಲೆ ನೇರ ಅಬೂ ದೀಬರ ಬಾಗಿಲಿಗೆ ಬಂದಿದ್ದಾರೆ. ಏತಕ್ಕೆ ಬಂದಿದ್ದಾರೆಂದು ಇನ್ನೂ ಬಿಡಿಸಿ ಹೇಳಬೇಕೇ ಎಂದ.

ಆ ಕಲ್ಲುಗಳ ಮಾತನ್ನು ಅಬೂ ದೀಬರ ಎದುರು ಎತ್ತುವ ಧೈರ್ಯ ಅದುವರೆಗೆ ಯಾರಿಗೂ ಬಂದಿರಲಿಲ್ಲ. ಎರಡು ಚಳಿಗಾಲದ ಹಿಂದೆ ಘಾಟಿಯ ತೀರ ಇಕ್ಕಟ್ಟಿನ ಜಾಗದಲ್ಲಿ ಇಳಿಯುತ್ತಿದ್ದ ಅಬೂ ದೀಬರ ಪಿಕಪ್ಪಿಗೆ ಕೆಳಗಿನ ಊರಿನ ಅಬೂ ಉಕಾಬರ ಪಿಕಪ್ಪು ಎದುರಾಗಿತ್ತು. ಏರುತ್ತಿರುವವನಿಗೆ ಇಳಿಯುವವನು ದಾರಿ ಬಿಡಬೇಕು, ಹಿಂದಕ್ಕೆ ಹೋಗಬೇಕು, ಅದು ಬೆಟ್ಟದ ನಿಯಮ. ವಯಸ್ಸಿನಲ್ಲಿ ದೊಡ್ಡವನಿಗೆ ಚಿಕ್ಕವನು ದಾರಿ ಬಿಡಬೇಕು, ಅದೂ ಬೆಟ್ಟದ ನಿಯಮವೇ. ಇಬ್ಬರೂ ತಮ್ಮ ತಮ್ಮ ನಿಯಮ ಹಿಡಿದು ಅಲ್ಲೇ ಕೂತರು. ಮನೆಗಳಿಂದ ಊಟ ಬಂತು, ಕಂಬಳಿ ಬಂತು, ಮೂತಿಗೆ ಮೂತಿ ತಾಗಿದ ಗಾಡಿಗಳ ಮೇಲೆ ಹಿಮ ಬಿತ್ತು. ಕಡೆಗೆ ಎರಡೂ ಮನೆಯ ಹೆಂಗಸರು ಬಂದು ಇಬ್ಬರಿಗೂ ಉಗಿದು ಏಕಕಾಲಕ್ಕೆ ಹಿಂದಕ್ಕೆ ಕಳಿಸಿದರು. ಮರುದಿನ ಅಬೂ ದೀಬ್ ನೆತ್ತಿಯಲ್ಲಿ ಕಲ್ಲು ಜೋಡಿಸಿದರು. ಇನ್ನು ಯಾರೂ ಏರುವುದಿಲ್ಲ, ಯಾರೂ ಇಳಿಯುವುದಿಲ್ಲ, ಆಗ ಯಾರು ಹಿಂದಕ್ಕೆ ಹೋಗುತ್ತಾರೋ ನೋಡುತ್ತೇನೆ ಎಂದರು. ಅಂದಿನಿಂದ ನೀರಿನ ಟ್ಯಾಂಕರು ಬೆಟ್ಟ ಬಳಸಿ ಬರುತ್ತಿತ್ತು, ಅದೂ ಮನಸ್ಸಾದರೆ. ಹೆಣ್ಣುಮಕ್ಕಳ ಶಾಲೆ ತಪ್ಪಿತ್ತು. ಹೆರಿಗೆಗೆ ಹೊರಟವರು ದಾರಿಯಲ್ಲೇ ಹೆತ್ತಿದ್ದರು.

ಅಬೂ ದೀಬ್ ಬಟ್ಟಲನ್ನು ನೋಡಿದರು. ಆಮೇಲೆ, ಅದೇನಾ ನಿಮ್ಮ ಕೋರಿಕೆ ಎಂದು ತಗ್ಗಿದ ದನಿಯಲ್ಲಿ ಕೇಳಿದರು. ಫವಾಜ್ ಹೌದೆನ್ನಲಿಲ್ಲ, ಅಲ್ಲವೆನ್ನಲೂ ಇಲ್ಲ. ಆ ಹೊತ್ತಿಗೆ ಅವನು ಟೊಮೆಟೊವನ್ನು ವಾಪಸು ಕೆಳಕ್ಕೆ ಕಳಿಸುವ ಕೆಲಸದಲ್ಲಿದ್ದ.

ಪರದೆಯ ಆಚೆಯಿಂದ ಹಜ್ಜಾ ಫಿದ್ದಾ ಅವರ ದನಿ ಬಂತು. ಹೆಂಗಸರ ಕಡೆ ಅವರಿಗೆ ಅಷ್ಟು ಹೊತ್ತಿಗೆ ಟ್ಯಾಂಕರಿನ ಕಥೆ, ಶಾಲೆಯ ಕಥೆ, ಹೆರಿಗೆಯ ಕಥೆ ಎಲ್ಲ ಮುಟ್ಟಿದ್ದವು. "ಅಬೂ ದೀಬ್, ನನ್ನಳಿಯ ಮಾತು ಕಮ್ಮಿ ಆಡೋನು. ಆ ಕಲ್ಲು ಉರುಳಿಸ್ತೀನಿ ಅಂತ ನೀವು ಬಾಯಿ ಬಿಟ್ಟು ಹೇಳೋ ತನಕ ಅವ್ನು ಬಟ್ಟಲು ಮುಟ್ಟಲ್ಲ. ಮುಟ್ಟಿದ್ರೆ ಅವ್ನ ಕೈ ನಾನೇ ಮುರೀತೀನಿ."

ಮಾತು ಕಮ್ಮಿ ಎಂಬುದನ್ನು ತಫೀಲಾದ ಚಹಾದಂಗಡಿಯವರು ಕೇಳಿದ್ದರೆ ಬಿದ್ದು ಬಿದ್ದು ನಗುತ್ತಿದ್ದರು. ಇಲ್ಲಿ ಯಾರೂ ನಗಲಿಲ್ಲ. ಅಬೂ ದೀಬ್ ಗಡ್ಡ ಹಿಡಿದುಕೊಂಡು ಕೂತರು. ಕೊಟ್ಟರೆ ಹಟ ಮುರಿಯುತ್ತದೆ, ಕೊಡದಿದ್ದರೆ ಅತಿಥಿ ಕಾಫಿ ಕುಡಿಯದೆ ಏಳುತ್ತಾನೆ, ಅದು ಏಳು ತಲೆಮಾರಿಗೂ ಅಳಿಸದ ಮಾತಾಗುತ್ತದೆ. ನಿಜ ಹೇಳಬೇಕೆಂದರೆ ಹಟ ಅವರಿಗೂ ಭಾರವಾಗಿತ್ತು, ಇಳಿಸಲು ಒಂದು ನೆಪ ಬೇಕಿತ್ತು. "ಕುಡೀರಿ ಅಬೂ ನಿಮ್ರ್," ಎಂದರು. "ಕಲ್ಲು ಇವತ್ತೇ ಉರುಳತ್ವೆ."

ಈಗ ಹಟ್ಟಿಗೆ ಹಟ್ಟಿಯೇ ಫವಾಜನ ಬಾಯಿ ನೋಡುತ್ತಿತ್ತು. ಆ ಬಟ್ಟಲು ಅವನ ಪಾಲಿಗೆ ಬಿಸಿ ತುಪ್ಪವಾಗಿತ್ತು, ನುಂಗುವಂತಿಲ್ಲ, ಉಗುಳುವಂತಿಲ್ಲ. ಅವನು ದೇವರನ್ನೂ ಹೆಂಡತಿಯನ್ನೂ ನೆನೆದು ಆರಿಹೋಗಿದ್ದ ಕಾಫಿಯನ್ನು ಒಂದೇ ಗುಟುಕಿಗೆ ಸುರಿದುಕೊಂಡ. ಅದು ಹೋಯಿತು, ಹಿಂದಿರುಗಿ ಬಂದಿತು, ಬಾಗಿಲಲ್ಲಿ ನಿಂತು ಯೋಚಿಸಿತು, ಮತ್ತೆ ಹೋಯಿತು. ಅವನ ಎರಡೂ ಕಣ್ಣುಗಳಿಂದ ನೀರು ಇಳಿಯಿತು. ಅದನ್ನು ಕಂಡು ಅಬೂ ದೀಬರ ಕಣ್ಣೂ ತುಂಬಿತು. ಯಾರದೋ ಹಟ್ಟಿಗಾಗಿ ಇಷ್ಟು ಮರುಗುವ ಮನುಷ್ಯ, ಎಂದು ಮುದುಕ ಅಂಗಿಯ ತೋಳಿನಿಂದ ಮೂಗು ಒರೆಸಿಕೊಂಡ.

ಕಲ್ಲು ತೆಗೆಯಲು ಗಂಡಸು ಹೆಂಗಸು ಎನ್ನದೆ ಎಲ್ಲರೂ ನೆತ್ತಿಗೆ ನಡೆದರು. ಊಟ ಮಾಡಿಕೊಂಡು ಹೋಗೋಣವೆಂದು ಅಬೂ ದೀಬ್ ಹೇಳಿದ್ದಕ್ಕೆ, ಮನಸ್ಸು ಬದಲಾಗುವಷ್ಟು ಹೊತ್ತು ಅನ್ನ ಬೇಯಿಸಬಾರದೆಂದು ಹಜ್ಜಾ ಫಿದ್ದಾ ತಡೆದಿದ್ದರು. ಅಬೂ ದೀಬರ ಪಿಕಪ್ಪಿನ ಹಿಂದೆ ಜೀಪನ್ನು ಮತ್ತೊಂದು ಅಗಲವಾದ ಜಾಡಿನಲ್ಲಿ ಮುತ್‌ಲ‌ಕ್ ಮೇಲಕ್ಕೆ ತಂದ. ಫವಾಜ್ ದೊಡ್ಡ ಮನಸ್ಸು ಮಾಡಿ ಅವನಿಗೆ ಆ ಗೌರವ ಬಿಟ್ಟುಕೊಟ್ಟಿದ್ದ. ಉಕ್ಕಿನ ಹಗ್ಗ ಜೀವಮಾನದಲ್ಲಿ ಮೊದಲ ಸಲ ಬಿಚ್ಚಿಕೊಂಡು ಕಲ್ಲುಗಳನ್ನು ಒಂದೊಂದಾಗಿ ಎಳೆಯಿತು. ಕಡೆಯ ಕಲ್ಲು ಉರುಳಿದಾಗ ಹೆಂಗಸರು ಸಂಭ್ರಮದಿಂದ ನಾಲಿಗೆ ಹೊರಳಿಸಿ ಕೂಗಿದ್ದು ಕೆಳಗಿನ ಊರಿಗೂ ಕೇಳಿಸಿತು. ಅಬೂ ಉಕಾಬರಿಗೆ ಫೋನು ಹೋಯಿತು, ಕಾಫಿ ಒಲೆಯ ಮೇಲಿದೆ ಎಂದು ಉತ್ತರ ಬಂತು.

ಆಗ ಅಬೂ ದೀಬ್ ಮುಂದೆ ಬಂದು, ತೆರೆದ ಘಾಟಿಯಲ್ಲಿ ಮೊದಲು ಇಳಿಯುವ ಗಾಡಿ ಅಬೂ ನಿಮ್ರ್ ಅವರದೇ ಎಂದು ಸಾರಿದರು. ನಾವೆಲ್ಲ ಹಿಂದೆ ಬರುತ್ತೇವೆ ಎಂದರು. ಫವಾಜ್ ಅಂಚಿಗೆ ಹೋಗಿ ಕೆಳಗೆ ನೋಡಿದ. ಬೆಳಗಿನ ಮೇಕೆ ಜಾಡು ಇದರ ಮುಂದೆ ಮನೆಯ ಮೊಗಸಾಲೆ. ದಾರಿ ಬಂಡೆಗೆ ಅಂಟಿಕೊಂಡು, ಹಾವಿನಂತೆ ಹೊರಳಿ, ಒಂದು ಕಡೆ ಕಾಣೆಯೇ ಆಗಿತ್ತು. ಇಷ್ಟು ಜನರ ಎದುರು ಸೀಟು ಬದಲಾಯಿಸುವಂತಿರಲಿಲ್ಲ. ಅತ್ತೆಯ ಜೀವ, ಹೋತದ ಜೀವ, ತನ್ನದು. ಇದ್ದಕ್ಕಿದ್ದಂತೆ ಅವನಿಗೆ ತನ್ನ ಬಡಾಯಿಯ ಮೇಲೆಯೇ ಹೇಸಿಗೆಯಾಯಿತು. ಜೀಪು ಹೋದರೆ ಹೋಗಲಿ.

"ಕೇಳಿ," ಎಂದ, ಎಲ್ಲರಿಗೂ ಕೇಳುವಂತೆ. "ಬೆಳಗ್ಗೆ ಗಾಡಿ ಓಡಿಸಿದ್ದು ನಾನಲ್ಲ, ನಮ್ಮತ್ತೆ. ನಾನು ಪಕ್ಕದಲ್ಲಿ ಕಣ್ಣು ಮುಚ್ಕೊಂಡು ಕೂತಿದ್ದೆ. ನಂಗೆ ಯಾವ ಕೋರಿಕೆನೂ ಇರ್ಲಿಲ್ಲ. ಹೊಟ್ಟೆ ತೊಳಸ್ತಿತ್ತು, ಅದಕ್ಕೇ ಕಾಫಿ ಕೆಳಗಿಟ್ಟೆ."

ಅಬೂ ದೀಬರ ಮುಖ ಕೆಂಪಾಯಿತು, ಕಪ್ಪಾಯಿತು. ಅವರು ಉರುಳಿದ ಕಲ್ಲುಗಳನ್ನು ನೋಡಿದರು, ಜೀಪಿನ ಹಿಂದೆ ಹತ್ತಿ ನಿಂತಿದ್ದ ಪಾಶಾನನ್ನು ನೋಡಿದರು. ಆಮೇಲೆ ಬಂದು ಫವಾಜನನ್ನು ಬಿಗಿಯಾಗಿ ಅಪ್ಪಿಕೊಂಡರು.

"ಕೇಳಿದ್ರಾ?" ಎಂದು ಜನರ ಕಡೆ ತಿರುಗಿದರು. "ಇಷ್ಟು ದೊಡ್ಡ ಕೆಲ್ಸ ಮಾಡಿಸಿ ಹೆಸರು ಬೇಡ ಅಂತಾರೆ. ಗಾಡಿ ಓಡಿಸಿದ್ದನ್ನೂ ಅತ್ತೆ ಲೆಕ್ಕಕ್ಕೆ ಹಾಕ್ತಾರೆ. ವಿನಯ ಅಂದ್ರೆ ಇದು." ಅಪ್ಪುಗೆ ಬಿಡದೆಯೇ ಅವನ ಕಿವಿಯಲ್ಲಿ ಉಸುರಿದರು: "ಅಬೂ ದೀಬ್ ಒಬ್ಬನ ಹೊಟ್ಟೆ ತೊಳಸಿದ್ದಕ್ಕೆ ಸೋತ ಅಂತ ಈ ಬೆಟ್ಟದಲ್ಲಿ ಯಾರಾದ್ರೂ ಅಂದ್ರೆ, ಅಷ್ಟೂ ಕಲ್ಲು ಇಲ್ಲೇ ವಾಪಸ್ ಬರತ್ವೆ. ಬಾಯಿ ಮುಚ್ಕೊಂಡು ಗಾಡಿ ಹತ್ತು."

ಜನ ಕೊಂಡಾಡುತ್ತಲೇ ಅವನನ್ನು ಎತ್ತಿ ಚಾಲಕನ ಸೀಟಿನಲ್ಲಿ ಕೂರಿಸಿದರು. ಅತ್ತೆ ಪಕ್ಕದಲ್ಲಿ ಕೂತರು. ಹಿಂದಿನಿಂದ ಪಾಶಾ ಅವರ ಹೆಗಲ ಮೇಲೆ ಗಡ್ಡ ಇಟ್ಟಿತು.

"ಮೊದಲನೇ ಗೇರು," ಎಂದರು ಅತ್ತೆ, ತುಟಿ ಅಲುಗಿಸದೆ. "ಬ್ರೇಕ್ ಮೇಲಿಂದ ಕಾಲು ತೆಗಿ. ಕೆಳಗೆ ನೋಡ್ಬೇಡ, ದಾರಿ ನೋಡು. ಚೆನ್ನಾಗಿ ಹೇಳ್ದೆ ಕಣೋ ಅಬೂ ನಿಮ್ರ್. ಈಗ ಚೆನ್ನಾಗಿ ಓಡ್ಸು."

ಅತ್ತೆ ಅವನನ್ನು ಹೊಗಳಿದ್ದು ಮದುವೆಯಾದಾಗಿನಿಂದ ಅದೇ ಮೊದಲು. ಫವಾಜನ ಎದೆ ತುಂಬಿತು. ಅವನು ಬ್ರೇಕಿನಿಂದ ಕಾಲು ತೆಗೆದ. ಜೀಪು ಗುರ್ರೆಂದು ಮುದುಕನ ಹಾಗೆ ನಿಧಾನವಾಗಿ ತಾನೇ ಇಳಿಯತೊಡಗಿತು. ಮೊದಲ ತಿರುವಿನಲ್ಲಿ ಅವನು ಸತ್ತ. ಎರಡನೆಯದರಲ್ಲಿ ಸತ್ತಿಲ್ಲವೆಂದು ಗೊತ್ತಾಯಿತು. ಮೂರನೆಯದರ ಹೊತ್ತಿಗೆ ಸ್ಟೇರಿಂಗು ಅವನ ಕೈಯಲ್ಲಿತ್ತು, ಅವನು ಸ್ಟೇರಿಂಗಿನ ಕೈಯಲ್ಲಿರಲಿಲ್ಲ. ದಾರಿ ಕಾಣೆಯಾಗಿದ್ದ ಕಡೆಯೂ ದಾರಿಯಿತ್ತು. ಬೆಳಗಿನಿಂದ ಕಾಡಿದ್ದ ಹೊಟ್ಟೆ ಕೊಳದ ನೀರಿನಂತೆ ತಣ್ಣಗಿತ್ತು. ಅವನಿಗೆ ಹಾಡು ಬಂತು. ಹಾರ್ನು ಬಾರಿಸಿದ, ಬೇಕಿಲ್ಲದ ಕಡೆ ಒಂದಿಷ್ಟು ಜೋರಾಗಿಯೇ ತಿರುಗಿಸಿದ, ನಿಮ್ಮ ಟ್ಯಾಂಕರು ಹೀಗೆ ತಿರುಗುತ್ತಿತ್ತೇ ಎಂದು ಅತ್ತೆಯನ್ನು ಕೇಳಿದ. ಅತ್ತೆ ಏನೂ ಹೇಳಲಿಲ್ಲ. ಮೆಚ್ಚಿ ಮೂಕರಾಗಿದ್ದಾರೆಂದು ಅವನು ತಿಳಿದ.

ಅಬೂ ಉಕಾಬರ ಅಂಗಳದಲ್ಲಿ ಕಂಬಳಿ ಹಾಸಿತ್ತು. ಹಿಂದೆಯೇ ಬಂದ ಅಬೂ ದೀಬ್ ಪಿಕಪ್ಪಿನಿಂದ ಇಳಿದರು. ಎರಡು ಚಳಿಗಾಲ ಮುಖ ನೋಡದ ಇಬ್ಬರೂ ಮುಖ ನೋಡಿಕೊಂಡು, ಅಲ್ಲಿನ ಪದ್ಧತಿಯಂತೆ ಮೂಗಿಗೆ ಮೂಗು ತಾಗಿಸಿದರು. ಆ ವಯಸ್ಸಿನ ಹಜ್ಜಾಗೆ ಗಂಡಸರ ಸಾಲಿನಲ್ಲೇ, ಅದೂ ಎಲ್ಲರಿಗಿಂತ ಮೇಲೆ, ಜಾಗ ಸಿಕ್ಕಿತು. ಕಾಫಿ ಬಂತು. ಫವಾಜ್ ಒಂದು ಕುಡಿದ, ಇನ್ನೊಂದು ಕುಡಿದ, ಮತ್ತೊಂದಕ್ಕೆ ಬಟ್ಟಲು ಚಾಚಿದ. ಆಮೇಲೆ ಅಂಗಳದಲ್ಲಿ ಮಾತು ನಿಂತದ್ದು ಅವನ ಗಮನಕ್ಕೆ ಬಂತು.

ಹಜ್ಜಾ ಫಿದ್ದಾ ಅವರ ಬಟ್ಟಲು ನೆಲದ ಮೇಲಿತ್ತು.

ಮೇಲಿನ ಹಟ್ಟಿಯಲ್ಲಿ ಒಂದು ಬಟ್ಟಲು ಏನೇನು ಕಿತ್ತುಕೊಂಡಿತೆಂಬ ಸುದ್ದಿ ಅಬೂ ಉಕಾಬರಿಗೆ ಆಗಲೇ ಮುಟ್ಟಿತ್ತು. ಅವರು ಗಾಬರಿಯಿಂದ, ಕುಡಿಯಿರಿ ಹಜ್ಜಾ, ಏನಿದ್ದರೂ ಕೊಟ್ಟೆ ಎಂದರು. ಬಟ್ಟಲು ಏಳಲಿಲ್ಲ. ತಪ್ಪು ತಮ್ಮದೆಂದರು, ಇನ್ನು ಮುಂದೆ ಏರುತ್ತಿದ್ದರೂ ತಾವೇ ಹಿಂದಕ್ಕೆ ಹೋಗುತ್ತೇವೆಂದರು. ಅದು ಹೇಗಾಗುತ್ತದೆ, ಹಿಂದಕ್ಕೆ ಹೋಗುವವನು ನಾನು ಎಂದು ಅಬೂ ದೀಬ್ ಗುಡುಗಿದರು. ಯಾರು ಹಿಂದಕ್ಕೆ ಹೋಗಬೇಕೆಂದು ಇಬ್ಬರಿಗೂ ಹೊಸದಾಗಿ ಜಗಳ ಹತ್ತಿತು. ಬಟ್ಟಲು ಅಲ್ಲೇ ಇತ್ತು.

ಫವಾಜ್ ಅತ್ತೆಯ ಮುಖ ನೋಡಿದ. ಹಣೆಯಲ್ಲಿ ಬೆವರು, ತುಟಿ ಬಿಗಿದಿದೆ, ಬಣ್ಣ ಹಸಿ ಪಿಸ್ತಾದ್ದು. ಆ ಮುಖದ ಒಳಗೆ ಏನು ನಡೆದಿದೆಯೆಂದು ಇಡೀ ಅಂಗಳದಲ್ಲಿ ಅವನೊಬ್ಬನಿಗೆ ಮಾತ್ರ ಗೊತ್ತಾಯಿತು. ಅವನು ಬಾಯಿ ತೆರೆಯುವ ಮೊದಲೇ ಅತ್ತೆ ಕೈ ಎತ್ತಿದರು.

"ನಾನು ಕೇಳೋದು ನಿಮ್ಮನ್ನಲ್ಲ," ಎಂದರು ಅಬೂ ಉಕಾಬರಿಗೆ, ಹಲ್ಲು ಕಚ್ಚಿಕೊಂಡು. "ನನ್ನಳಿಯನ್ನ. ಆ ಜೀಪು ಮಾರ್ಬಾರ್ದು. ಮನೇಲೇ ಇರ್ಬೇಕು. ಆದ್ರೆ ಇವತ್ತಿಂದ ಅದ್ರಲ್ಲಿ ನಾನು ಕೂತಾಗೆಲ್ಲ ಓಡ್ಸೋದು ನಾನೇ."

ಎಲ್ಲರ ಕಣ್ಣೂ ಫವಾಜನ ಮೇಲೆ ಬಿತ್ತು. ಅವನು ಕಾಗೆ ಘಾಟಿಯನ್ನು ಒಮ್ಮೆ ತಿರುಗಿ ನೋಡಿದ. ಈಗಷ್ಟೇ ಕಲಿತಿದ್ದ, ಈಗಷ್ಟೇ ರುಚಿ ಹತ್ತಿತ್ತು. ಆದರೆ ಬಟ್ಟಲು ನೆಲದ ಮೇಲಿರುವಾಗ ಇಲ್ಲ ಎನ್ನುವ ಗಂಡಸು ಆ ಬೆಟ್ಟಗಳಲ್ಲಿ ಇನ್ನೂ ಹುಟ್ಟಿರಲಿಲ್ಲ. ಅವನು ಎದೆಯ ಮೇಲೆ ಕೈ ಇಟ್ಟುಕೊಂಡ.

"ಕುಡೀರಿ ಅತ್ತೆ," ಎಂದ. "ಕೊಟ್ಟೆ."

ಹಜ್ಜಾ ಫಿದ್ದಾ ಕಣ್ಣು ಮುಚ್ಚಿ, ಉಸಿರು ಹಿಡಿದು, ಕಾಫಿಯನ್ನು ಒಂದೇ ಗುಟುಕಿಗೆ ಸುರಿದುಕೊಂಡರು. ಅವರ ಕೆನ್ನೆಯ ಮೇಲೆ ಕಣ್ಣೀರು ಇಳಿಯಿತು. ಅಳಿಯನ ಮೇಲೆ ಇಷ್ಟು ಪ್ರೀತಿ ಇಟ್ಟ ಅತ್ತೆಯನ್ನು ತಾನೆಲ್ಲೂ ಕಂಡಿಲ್ಲವೆಂದು ಅಬೂ ಉಕಾಬ್ ಹೇಳಿದರು.